ನಾಲ್ಕನೇ ಕಾಲು

ಸ್ಟೀಲಿನ ಲೋಟ ಹಾಸುಗಲ್ಲಿನ ಮೇಲೆ ಬಿದ್ದು, ಉರುಳಿಕೊಂಡು ಹೋಗಿ, ಬೇವಿನ ಮರದ ಬುಡಕ್ಕೆ ತಾಗಿ ನಿಂತ ಸದ್ದು ಕೇಳಿದರೂ ಮೌನೇಶ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಗರಗಸವನ್ನು ಇನ್ನೂ ನಾಲ್ಕು ಸಲ ಎಳೆದ. ಲೋಟ ಇಟ್ಟಿದ್ದ ಪ್ಲಾಸ್ಟಿಕ್ ಸ್ಟೂಲು ಯಾಕೆ ಬಿತ್ತೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೆಳಿಗ್ಗೆ ಅಂಗಳದಲ್ಲಿ ಹಲಗೆ ಹಾಸಿಕೊಳ್ಳಲು ಜಾಗ ಸಾಲದೆ ಅದನ್ನು ಕಾಲಿನಿಂದಲೇ ಸರಿಸಿದ್ದ. ಅದರ ಒಂದು ಕಾಲು ಎರಡು ಕಲ್ಲುಗಳ ಸಂದಿಯ ಮೇಲೆ ಬಂದು ಆಗಲೇ ಅಲ್ಲಾಡಿತ್ತು. ಆಮೇಲೆ ಸರಿಮಾಡಿದರಾಯಿತು ಎಂದುಕೊಂಡು ಮರೆತಿದ್ದ. ಮರೆತಿದ್ದನೋ, ಅಥವಾ ಬೀಳುವುದಾದರೆ ಬೀಳಲಿ ಎಂದು ಬಿಟ್ಟಿದ್ದನೋ, ಈಗ ಅವನಿಗೇ ಖಾತ್ರಿಯಿಲ್ಲ. ಹೆಂಡತಿ ಸುಕನ್ಯಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದಳು. "ಯಾರು ಬೀಳ್ಸಿದ್ದು? ಬೆಕ್ಕು ಬಂದಿತ್ತೇನಪ್ಪ?" ಎಂದು ತಂದೆಯನ್ನು ಕೇಳಿದಳು. ಕುರ್ಚಿಯಲ್ಲಿ ಬಲಕ್ಕೆ ವಾಲಿಕೊಂಡು ಕೂತಿದ್ದ ಹಂಪಯ್ಯ ಎಡಗೈ ಎತ್ತಿ ತನ್ನ ಎದೆಯ ಮೇಲೆ ಇಟ್ಟುಕೊಂಡ. ಲಕ್ವ ಹೊಡೆದು ಆರು ತಿಂಗಳಾಗಿತ್ತು. ಬಲಗೈ, ಬಲಗಾಲು, ಮಾತು ಮೂರೂ ಒಂದೇ ದಿನ ಹೋಗಿದ್ದವು. ಅವತ್ತಿನಿಂದ ನಾನು, ನನ್ನದು, ನನಗೆ ಎನ್ನುವುದಕ್ಕೆಲ್ಲ ಅವನಿಗೆ ಉಳಿದದ್ದು ಎದೆಯ ಮೇಲಿನ ಈ ಎಡಗೈ ಒಂದೇ. ಹಾಸಿಗೆ ಒದ್ದೆಯಾದ ದಿನವೂ ಮಗಳ ಮುಖ ನೋಡುತ್ತ ಹೀಗೆಯೇ ಇಟ್ಟುಕೊಳ್ಳುತ್ತಿದ್ದ. "ಹೋಗ್ಲಿ ಬಿಡು, ನೀರ ತಾನ" ಎಂದು ಸುಕನ್ಯಾ ಲೋಟ ಎತ್ತಿಕೊಂಡಳು. ಮೌನೇಶ ಗರಗಸ ಎಳೆಯುತ್ತಲೇ ಇದ್ದ.

ಟೇಬಲ್ ಬೇಕೆಂದು ಅವಳು ಹೇಳಲು ಶುರುಮಾಡಿ ಎರಡು ತಿಂಗಳಾಗಿತ್ತು. ಕೈಕಾಲಿಗೆ ವ್ಯಾಯಾಮ ಮಾಡಿಸಲು ಬರುವ ಹುಡುಗಿ, ಎಲ್ಲವನ್ನೂ ನೀವೇ ಕೈಗೆ ಕೊಡಬೇಡಿ, ಎಡಗಡೆ ಒಂದು ಸಣ್ಣ ಟೇಬಲ್ ಇಡಿ, ಅವರೇ ಚಾಚಿ ತೆಗೆದುಕೊಳ್ಳಲಿ ಅಂದಿದ್ದಳು. ನೀರಿನ ಲೋಟ, ಮಾತ್ರೆ ಡಬ್ಬಿ, ರೇಡಿಯೋ ಹಿಡಿಸುವಷ್ಟು ಸಾಕು. ಹಂಪಯ್ಯ ಬೆಳಿಗ್ಗೆಯಿಂದ ಸಂಜೆವರೆಗೆ ಬೇವಿನ ಮರದ ಕೆಳಗೇ ಕೂರುವವನಾದ್ದರಿಂದ ಟೇಬಲ್ ಬಿಸಿಲಲ್ಲೂ ಮಳೆಯಲ್ಲೂ ಹೊರಗೇ ಇರಬೇಕು. ಮೌನೇಶ ಕೆಲಸ ಮಾಡುವುದು ಹೊಸಪೇಟೆಯ ಬಳ್ಳಾರಿ ರಸ್ತೆಯ ಒಂದು ಪ್ಲೈವುಡ್ ವರ್ಕ್‌ಶಾಪಿನಲ್ಲಿ. ಹಂಪಿಯ ಗೆಸ್ಟ್‌ಹೌಸುಗಳ ಕಪಾಟು, ಸಂಡೂರಿನ ಗಣಿ ಆಫೀಸುಗಳ ಮೇಜು, ಎಲ್ಲವನ್ನೂ ಅವನು ಯಂತ್ರದಲ್ಲಿ ಕೊಯ್ದು ಸ್ಕ್ರೂ ಹೊಡೆದು ಕಳಿಸುತ್ತಾನೆ. ಅಲ್ಲಿಂದಲೇ ಒಂದು ತುಂಡು ತರುತ್ತೇನೆ ಎಂದು ಮೊದಲು ಜಾರಿಕೊಳ್ಳಲು ನೋಡಿದ. "ನಿಮ್ಮ ಪ್ಲೈ ಒಂದು ಮಳಿಗೆ ಹಪ್ಪಳದಂಗ ಉಬ್ಬತೈತ್ರಿ. ಅಟ್ಟದ ಮ್ಯಾಲ ಅಪ್ಪನ ಸಾಗವಾನಿ ಐತಲ್ಲ, ಅದನ್ನ ಇಳಸ್ರಿ" ಎಂದಳು ಸುಕನ್ಯಾ. ಅವಳಿಗೆ ಅದು ಬರೀ ಕಟ್ಟಿಗೆ. ಇಪ್ಪತ್ತೊಂದು ವರ್ಷಗಳಿಂದ ಮೌನೇಶ ಅಟ್ಟದ ಆ ಮೂಲೆಗೆ ಕಣ್ಣು ಹಾಯಿಸದೆ ಈ ಮನೆಯಲ್ಲಿ ಓಡಾಡಿದ್ದಾನೆ. ದೀಪಾವಳಿಗೆ ಜೇಡ ಹೊಡೆಯುವಾಗ ಕೂಡ ಆ ಮೂಲೆಯನ್ನು ಅವಳಿಗೇ ಬಿಡುತ್ತಿದ್ದ.

ನಿನ್ನೆ ಸಂಜೆ ಇಳಿಸಿದ. ನಾಲ್ಕು ತುಂಡು. ಧೂಳು ಒರೆಸಿದಾಗ ಮೂರರ ಒಂದೊಂದು ತುದಿಯಲ್ಲಿ, ಭತ್ತದ ಕಾಳಿನಷ್ಟು ದೊಡ್ಡದಾಗಿ, ಉಳಿಯ ಮೂಲೆಯಿಂದ ಹೊಡೆದ ಕಚ್ಚು ಕಂಡಿತು. ಅದು ಹಂಪಯ್ಯನ ಗುರುತು. ಮರ ಬಿದ್ದು ಸೀಳಾದ ಮೇಲೂ ಅದಕ್ಕೊಂದು ಬೇರಿನ ಕಡೆ, ಒಂದು ತುದಿಯ ಕಡೆ ಇದ್ದೇ ಇರುತ್ತದೆ ಎಂಬುದು ಬಡಿಗೇರ ಓಣಿಯ ಮೊದಲ ಪಾಠ. ಬಾಗಿಲ ಚೌಕಟ್ಟಿನ ಕಂಬವಾಗಲಿ, ಮಂಚದ ಕಾಲಾಗಲಿ, ನೆಲದಲ್ಲಿ ಬೆಳೆದಾಗ ಹೇಗೆ ನಿಂತಿತ್ತೋ ಹಾಗೆಯೇ ಬೇರು ಕೆಳಗಾಗಿ ನಿಲ್ಲಬೇಕು. ತಲೆಕೆಳಗಾಗಿ ನಿಂತ ಕಂಬದ ಮನೆ ಏಳಿಗೆಯಾಗುವುದಿಲ್ಲ, ಆ ಬಾಗಿಲಲ್ಲಿ ಹೊರಗಿನಿಂದ ಒಳಗೆ ಬರುವುದಕ್ಕಿಂತ ಒಳಗಿನಿಂದ ಹೊರಗೆ ಹೋಗುವುದೇ ಹೆಚ್ಚು ಎನ್ನುತ್ತಾರೆ. ಅದಕ್ಕೇ ಅಡ್ಡೆಯಿಂದ ಕಟ್ಟಿಗೆ ಬಂದ ಕೂಡಲೇ ಹಂಪಯ್ಯ ಬೇರಿನ ತುದಿಗೆ ಕಚ್ಚು ಹಾಕುತ್ತಿದ್ದ. ಕಚ್ಚು ಇಲ್ಲದಿದ್ದರೂ ಅವನಿಗೆ ನಡೆಯುತ್ತಿತ್ತು. ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಸಾಕು. "ಬೇರಿಂದ ತುದಿಗೆ ಹೋದ್ರ ಮರ ಸುಮ್ಕಿರತೈತಿ. ತುದಿಯಿಂದ ಬೇರಿಗೆ ಬಂದ್ರ ಕೈ ಹಿಡಿತೈತಿ. ಆಡಿನ ಮೈ ಸವರಿದಂಗ ನೋಡಲೇ" ಎನ್ನುತ್ತಿದ್ದ. ಹಂಪಯ್ಯ ಮೌನೇಶನ ತಾಯಿಯ ಅಣ್ಣ, ಸೋದರಮಾವ. ಹದಿನಾರಕ್ಕೇ ಅವನ ಕೈಕೆಳಗೆ ಸೇರಿದ ಮೌನೇಶನಿಗೆ ಆರು ವರ್ಷ ಸವರಿದರೂ ಮರ ಒಮ್ಮೆಯೂ ಕೈ ಹಿಡಿಯಲಿಲ್ಲ. ಹಿಡಿಯಿತೆಂದು ಸುಳ್ಳು ಹೇಳುತ್ತಿದ್ದ. ಪ್ಲೈವುಡ್ ಅವನಿಗೆ ಇಷ್ಟವಾದದ್ದೇ ಅದಕ್ಕೆ. ಅದಕ್ಕೆ ಬೇರೂ ಇಲ್ಲ, ತುದಿಯೂ ಇಲ್ಲ, ಹೇಗೆ ನಿಲ್ಲಿಸಿದರೂ ಅದು ಯಾರ ಮೇಲೂ ದೂರು ಹೇಳುವುದಿಲ್ಲ.

ಮೂರು ಕಾಲು ಕೊಯ್ದಾಗಿತ್ತು. ಕಚ್ಚು ಇರುವ ತುದಿಗಳನ್ನು ಉಳಿಸಿಕೊಂಡು, ಮತ್ತೆ ಮತ್ತೆ ನೋಡಿ, ಮೂಲೆಮಟ್ಟ ಹಿಡಿದು ಗೆರೆ ಎಳೆದು ಕೊಯ್ದಿದ್ದ. ಮಂಡಿಯಷ್ಟು ಎತ್ತರದ ಇಷ್ಟು ಸಣ್ಣ ಟೇಬಲ್ಲಿಗೆ ಬೆವರು ಹೀಗೆ ಇಳಿಯಬೇಕಾಗಿರಲಿಲ್ಲ. ಹತ್ತು ಅಡಿ ದೂರದಿಂದ ಮಾವ ನೋಡುತ್ತಿದ್ದಾನೆ. ಮುಖದ ಬಲಭಾಗ ಜೋತುಬಿದ್ದಿದೆ, ಎಡಗಣ್ಣು ಮಾತ್ರ ಹಿಂದಿನ ಹಾಗೆಯೇ ನೆಟ್ಟಗಿದೆ. ರಂದಾ ಹಿಡಿದು ಕಾಲಿನ ಮೈ ನುಣುಪು ಮಾಡುವಾಗ ಅಲಗು ಒಮ್ಮೆ ಕಚ್ಚಿಕೊಂಡು ನಿಂತಿತು. ಆ ಎಡಗಣ್ಣು ಈಗ ನಕ್ಕಿರಬೇಕು ಎಂದು ಅವನಿಗೆ ಅನಿಸಿತು, ತಿರುಗಿ ನೋಡಲಿಲ್ಲ. ಇಪ್ಪತ್ತೊಂದು ವರ್ಷದ ಹಿಂದೆ ಎಮ್ಮಿಗನೂರಿನಲ್ಲಿ ನಕ್ಕವರು ಹೆಂಗಸರು. ಮೈಲಾರಲಿಂಗಪ್ಪನ ಹೊಸ ಮನೆ, ಸುತ್ತ ಭತ್ತದ ಗದ್ದೆ, ತಲೆಬಾಗಿಲು ನಿಲ್ಲಿಸುವುದಕ್ಕೆ ಒಂದೇ ದಿನ ಬಾಕಿ. ನೆಲದ ಮೇಲಿದ್ದ ಉಳಿಯನ್ನು ಮೌನೇಶ ನೋಡದೆ ದಾಟಿಬಿಟ್ಟ. ಹೊಟ್ಟೆಗೆ ಅನ್ನ ಹಾಕುವ ಉಳಿಯನ್ನು ದಾಟುವುದೆಂದರೆ ಬಡಿಗೇರ ಓಣಿಯಲ್ಲಿ ತಾಯಿಯನ್ನು ದಾಟಿದ ಹಾಗೆ. ಹಂಪಯ್ಯ ಕೆಲಸ ನಿಲ್ಲಿಸಿ, ಭತ್ತ ಕೇರುತ್ತಿದ್ದ ಮನೆಯೊಡತಿ ಭೀಮಮ್ಮನ ಎದುರು, ಅವಳ ಸೊಸೆ ಮತ್ತು ಓಣಿಯ ಹೆಣ್ಣುಮಕ್ಕಳ ಎದುರು, ಇಪ್ಪತ್ತೆರಡು ವರ್ಷದ ಗಂಡಸಿಗೆ ಆ ಉಳಿಯ ಮುಂದೆ ಅಡ್ಡಬಿದ್ದು ತಪ್ಪಾಯಿತು ಅನ್ನು ಎಂದ. ಮೌನೇಶ ಅಡ್ಡಬಿದ್ದ. ಹೊಟ್ಟು ಮೆತ್ತಿದ ಮುಖ ಎತ್ತಿದಾಗ ಭೀಮಮ್ಮನ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ತುಂಬು ಬಸುರಿ, ನಕ್ಕರೆ ಹೊಟ್ಟೆ ಕುಲುಕುತ್ತಿತ್ತು. ಅವಳ ಮೇಲೆ ಅವನಿಗೆ ಎಂಥ ಸಿಟ್ಟು ಬಂದಿತ್ತೆಂದರೆ, ಆಮೇಲೆ ಆದದ್ದನ್ನು ನೆನೆದಾಗೆಲ್ಲ ಮರದ ವಿಷಯಕ್ಕಿಂತ ಆ ಸಿಟ್ಟೇ ಮೊದಲು ಬರುತ್ತದೆ.

ಅದೇ ಸಿಟ್ಟಿನಲ್ಲಿ ಅವನು ಕಂಬ ಕೊಯ್ದ. ತುದಿಯ ಕಡೆಯಿಂದ ನಾಲ್ಕು ಬೆರಳು ತೆಗೆ ಎಂದು ಮಾವ ಹೇಳಿದ್ದ. ಒಂದು ಕಂಬ ಸರಿಯಾಗಿ ಕೊಯ್ದ. ಇನ್ನೊಂದನ್ನು ಕೊಯ್ದ ಮೇಲೆ ನೋಡಿದರೆ ಎರಡು ತುದಿಯಲ್ಲೂ ಕಚ್ಚು ಇರಲಿಲ್ಲ. ಕಚ್ಚು ರಂದಾಕ್ಕೆ ಸಿಕ್ಕಿ ಹೋಗಿರಬಹುದು ಅಥವಾ ಮಾವ ಹಾಕುವುದನ್ನೇ ಮರೆತಿರಬಹುದು ಎಂದುಕೊಂಡ. ಹೋಗಿ ಕೇಳಬಹುದಿತ್ತು, ಇಪ್ಪತ್ತು ಹೆಜ್ಜೆ ದೂರ. ಆದರೆ ಕೇಳಿದರೆ ಮಾವ ಆ ಹೆಂಗಸರ ಎದುರು ಮತ್ತೊಂದು ಸಲ ಅಡ್ಡ ಬೀಳಿಸುತ್ತಾನೆ. ಮೌನೇಶ ಅಂಗೈ ಆಡಿಸಿದ. ಮರ ಈ ಕಡೆಯೂ ಸುಮ್ಮನಿತ್ತು, ಆ ಕಡೆಯೂ ಸುಮ್ಮನಿತ್ತು. ಕೊಯ್ಯದ ತುದಿಯನ್ನೇ ಬೇರು ಎಂದುಕೊಂಡು ಕೂಡಿಕೆಯ ಗೆರೆ ಎಳೆದ. ಮಾರನೇ ದಿನ, ಮುಹೂರ್ತಕ್ಕೆ ಇನ್ನೂ ಒಂದು ತಾಸು ಇರುವಾಗ, ಚಹಾ ಕುದಿಯುತ್ತಿದ್ದ ಒಲೆಯೊಳಗೆ ಕೊಯ್ದುಬಿದ್ದ ತುಂಡುಗಳನ್ನು ಹಾಕಿದ್ದರು. ಅರ್ಧ ಸುಟ್ಟ ಒಂದು ತುಂಡಿನ ತಲೆಯ ಮೇಲೆ ಭತ್ತದ ಕಾಳಿನಷ್ಟು ಕಚ್ಚು ಅವನ ಕಣ್ಣಿಗೆ ಬಿತ್ತು. ಅವನು ಕೊಯ್ದು ಬಿಸಾಕಿದ್ದು ಬೇರನ್ನೇ, ಕಂಬ ತಲೆಕೆಳಗಾಗಿತ್ತು. ಅಷ್ಟರಲ್ಲಿ ಚೌಕಟ್ಟು ಕೂಡಿಸಿಯಾಗಿತ್ತು, ಅರಿಶಿನ ಬಳಿದಾಗಿತ್ತು, ಕಂಪ್ಲಿಯಿಂದ ಬೀಗರು ಬಂದು ಕೂತಿದ್ದರು. ಒಂದು ತಾಸು ಇತ್ತು. ಹೇಳಿದ್ದರೆ ಮುಹೂರ್ತ ತಪ್ಪುತ್ತಿತ್ತು, ಬೈಗುಳ ತಿನ್ನಬೇಕಾಗುತ್ತಿತ್ತು, ಅಷ್ಟೇ. ಮೌನೇಶ ಕಾಲಿನಿಂದ ಆ ತುಂಡನ್ನು ಒಲೆಯ ಒಳಕ್ಕೆ ದೂಡಿದ. ಕಂಬ ನಿಲ್ಲಿಸುವಾಗ ಮಾವನ ಅಂಗೈ ಎಡಗಡೆ ಕಂಬದ ಮೇಲೆ ಒಂದು ಗಳಿಗೆ ಹೆಚ್ಚೇ ನಿಂತಿತ್ತು ಎಂದು ನೆನಪು. ನಿಂತಿತ್ತೋ, ಇಲ್ಲವೋ. ಇಪ್ಪತ್ತೊಂದು ವರ್ಷ ಈ ಒಂದನ್ನೇ ತಿರುಗಿಸಿ ಮುರುಗಿಸಿ ನೋಡಿದ್ದಾನೆ.

"ಚಾ ಆರತೈತ್ರಿ" ಎಂದಳು ಸುಕನ್ಯಾ. ಕಪ್ಪು ಯಾವಾಗ ತಂದಿಟ್ಟಳೋ ಅವನಿಗೆ ತಿಳಿದಿರಲಿಲ್ಲ. ಅವಳು ಹೊಟ್ಟಿನ ಸುರುಳಿಯೊಂದನ್ನು ಎತ್ತಿ ಮೂಸಿ ನೋಡಿದಳು. "ಸಣ್ಣಾಕಿದ್ದಾಗ ಅಪ್ಪನ ಮೈ ಹಿಂಗ ನಾರ್ತಿತ್ತು. ನೋಡ್ರಿ ಹೆಂಗ ಕುಂತಾನ. ಬೆಳಿಗ್ಗಿಂದ ಕಣ್ಣ ಕಿತ್ತಿಲ್ಲ."

"ಏನ್ ತಿಳಿತೈತಿ ಬಿಡು ಅವಂಗ" ಎಂದ ಮೌನೇಶ. ಮಾತು ತಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು.

"ಯಾಕ್ರಿ ಹಂಗಂತೀರಿ? ಎಲ್ಲಾ ತಿಳಿತೈತಿ. ನಿನ್ನಿ ಸಾರಿಗೆ ಉಪ್ಪು ಮರ್ತಿದ್ದೆ, ತಾಟು ದೂಡಿಬಿಟ್ಟ."

"ತಾಟು ದೂಡೋದು ಬ್ಯಾರೆ, ತಿಳಿಯೋದು ಬ್ಯಾರೆ. ಡಾಕ್ಟ್ರೇನಂದ್ರು? ತಿಳಿದ್ರೂ ತಿಳಿಬೌದು, ಇಲ್ಲಂದ್ರ ಇಲ್ಲ ಅಂದ್ರಿಲ್ಲ?"

ಸುಕನ್ಯಾ ಅವನ ಮುಖವನ್ನೇ ನೋಡಿದಳು. "ನಿಮಗ ತಿಳಿಬಾರ್ದು ಅಂತೇನ ಐತೇನು?" ಎಂದಳು. ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳಿ ಕಪ್ಪು ಎತ್ತಿಕೊಂಡು ಹೋದಳು. ಅವಳಿಗೆ ಏನೂ ಗೊತ್ತಿಲ್ಲ. ಆದರೂ ಅವಳು ಒಳಗೆ ಹೋಗುವವರೆಗೆ ಮೌನೇಶ ರಂದಾ ಎತ್ತಲಿಲ್ಲ.

ಭೀಮಮ್ಮನ ಸೊಸೆ ಹೆತ್ತ ಗಂಡುಮಗು ಮೂರು ತಿಂಗಳಿಗೆ ತೀರಿಕೊಂಡಿತು. ಕಾಮಾಲೆ ಅಂದರು. ಮಗುವಿಗೂ ಮರಕ್ಕೂ ಏನು ಸಂಬಂಧ ಎಂದು ಮೌನೇಶ ಎಷ್ಟೋ ಸಲ ತನಗೆ ತಾನೇ ಕೇಳಿಕೊಂಡಿದ್ದಾನೆ. ಸಂಬಂಧವಿಲ್ಲ, ಖಂಡಿತ ಇಲ್ಲ, ಓದು ಬಾರದವರೂ ಇವತ್ತು ಇದನ್ನು ನಂಬುವುದಿಲ್ಲ. ಆದರೆ ಮಗು ಹೋದ ಮೇಲೆ ಮೈಲಾರಲಿಂಗಪ್ಪ ಬೇರೆ ಕಡೆಯ ಬಡಿಗನನ್ನು ಕರೆಸಿ ಮನೆ ತೋರಿಸಿದ. ಅವನು ತಲೆಬಾಗಿಲಲ್ಲೇ ನಿಂತು ಎಡಗಂಬ ತಲೆಕೆಳಗಾಗಿದೆ ಅಂದ. ಊರವರು ಸೇರಿ ಹಂಪಯ್ಯನಿಗೆ ಬರಲು ಹೇಳಿ ಕಳಿಸಿದರು. ಆ ದಿನ ಮೌನೇಶನಿಗೆ ಜ್ವರ ಬಂತು. ಬಂತೋ, ಬರಿಸಿಕೊಂಡನೋ, ಬಂಡ್ರಿಯ ದೊಡ್ಡಮ್ಮನ ಮನೆಯಲ್ಲಿ ಎಂಟು ದಿನ ಕಂಬಳಿ ಹೊದ್ದು ಮಲಗಿದ್ದ. ವಾಪಸ್ ಬಂದಾಗ ಎಲ್ಲ ಮುಗಿದಿತ್ತು. ಹಂಪಯ್ಯ ಏನೂ ಕೇಳಲಿಲ್ಲ, ಏನೂ ಹೇಳಲಿಲ್ಲ. ಮೇಸ್ತ್ರಿಯ ತಲೆಗೆ ತಪ್ಪು ಬಂದೇ ಬರುತ್ತದೆ, ಕೆಲಸ ಯಾರದಿದ್ದರೇನು ಎಂದು ಮೌನೇಶ ಸಮಾಧಾನ ಹೇಳಿಕೊಂಡ. ಅಲ್ಲಿಂದಾಚೆಗೆ ಹೊಸಪೇಟೆಯಿಂದ ಕಂಪ್ಲಿಯವರೆಗೆ ಯಾರೂ ಹಂಪಯ್ಯನನ್ನು ಬಾಗಿಲು ನಿಲ್ಲಿಸಲು ಕರೆಯಲಿಲ್ಲ, ತಂದಿಟ್ಟಿದ್ದ ಸಾಗವಾನಿ ಅಟ್ಟ ಸೇರಿತು. ಸುತ್ತ ಹತ್ತೂರಿನ ತಲೆಬಾಗಿಲು ನಿಲ್ಲಿಸಿದ ಮನುಷ್ಯ ಬಸ್ ಸ್ಟ್ಯಾಂಡಿನ ಹತ್ತಿರ ಕೂತು ಲಟ್ಟಣಿಗೆ, ಮಣೆ ಮಾಡಿದ. ಒಂಬತ್ತನೇ ಇಯತ್ತೆಯಲ್ಲಿದ್ದ ಸುಕನ್ಯಾ ಶಾಲೆ ಬಿಟ್ಟು ಬಾಳೆಕಾಯಿ ತುಂಬುವ ಕೆಲಸಕ್ಕೆ ಹೋದಳು. ನಾಲ್ಕು ವರ್ಷದ ಮೇಲೆ ಹಂಪಯ್ಯ ಅವಳನ್ನು ತಂಗಿಯ ಮಗನಿಗೇ ಕೊಟ್ಟ. ಗೊತ್ತಿದ್ದರೆ ಕೊಡುತ್ತಿದ್ದನೇ? ಗೊತ್ತಿರಲಿಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ ಎಂದು ತಾಳಿ ಕಟ್ಟಿದ ದಿನವೇ ಮೌನೇಶ ತೀರ್ಮಾನಿಸಿದ್ದ. ಹೇಳಬೇಕೆಂದು ಪ್ರತಿವರ್ಷ ಅಂದುಕೊಂಡ, ಮಾವ ಗಟ್ಟಿಯಾಗಿದ್ದಾನೆ, ಇನ್ನೂ ಟೈಮಿದೆ ಅಂದುಕೊಂಡ. ಲಕ್ವ ಹೊಡೆದ ದಿನ ಆಸ್ಪತ್ರೆಯ ವರಾಂಡದಲ್ಲಿ ಕೂತು ಅಳುವಾಗ ಅವನಿಗೆ ಬಂದ ಮೊದಲ ಯೋಚನೆ, ಇನ್ನು ಮಾವ ಬಾಯಿಬಿಟ್ಟು ಏನೂ ಕೇಳಲಾರ ಎಂಬುದಾಗಿತ್ತು. ಆ ಯೋಚನೆಗೆ ಅವನು ಇವತ್ತಿಗೂ ತನ್ನನ್ನು ಕ್ಷಮಿಸಿಕೊಂಡಿಲ್ಲ.

ನಾಲ್ಕನೇ ತುಂಡಿನಲ್ಲಿ ಕಚ್ಚು ಇರಲಿಲ್ಲ. ಆದರೆ ನಡುವೆ ಒಂದು ಸಣ್ಣ ಗಂಟಿತ್ತು. ಕೊಂಬೆ ಮೇಲ್ಮುಖವಾಗಿ ಬೆಳೆಯುವುದರಿಂದ ಗಂಟಿನ ಬಾಲ ಬೇರಿನ ಕಡೆಗೇ ಇಳಿದಿರುತ್ತದೆ. ಕೈಗೆ ತಿಳಿಯದ್ದನ್ನು ಕಣ್ಣಿಗಾದರೂ ಮಾವ ಕಲಿಸಿದ್ದ. ಯಾವುದು ಬೇರು ಎಂದು ಈ ಸಲ ಮೌನೇಶನಿಗೆ ಅನುಮಾನವೇ ಇರಲಿಲ್ಲ. ಅಳತೆಗೆ ಕೊಯ್ದು, ಮೈ ನುಣುಪು ಮಾಡಿ, ಮೇಲಿನ ತುದಿಗೆ ಕೂಡಿಕೆಯ ಗೆರೆ ಎಳೆಯಲು ಪೆನ್ಸಿಲ್ ಹಿಡಿದವನು ಹಾಗೆಯೇ ಕೂತ. ಬೀದಿಯಲ್ಲಿ ಅದಿರಿನ ಲಾರಿಯೊಂದು ಹೋಯಿತು, ಬೇವಿನ ಎಲೆಗಳ ಮೇಲಿನ ಕೆಂಪು ಧೂಳು ಮತ್ತಷ್ಟು ಇಳಿಯಿತು. ಇದನ್ನು ತಲೆಕೆಳಗಾಗಿ ನಿಲ್ಲಿಸಿದರೆ? ಮಾವ ಹೇಗೂ ಕೈ ಆಡಿಸಿ ನೋಡುತ್ತಾನೆ, ಯಾವ ಸಾಮಾನನ್ನೂ ಅವನು ಸವರದೆ ಬಿಟ್ಟವನಲ್ಲ. ಅವನಿಗೆ ತಿಳಿದರೆ, ಮುಖದಲ್ಲೋ ಕಣ್ಣಲ್ಲೋ ಏನಾದರೂ ಕಂಡರೆ, ಒಳಗೆ ಮನುಷ್ಯ ಇನ್ನೂ ಇದ್ದಾನೆ ಎಂದಾಯಿತು. ಆಗ ಮಾವನ ಕಾಲು ಹಿಡಿದು ಎಲ್ಲ ಹೇಳಿಬಿಡುವುದು, ಇವತ್ತೇ, ಇಲ್ಲೇ. ತಿಳಿಯದಿದ್ದರೆ ಕೇಳುವವರೇ ಇಲ್ಲ, ಮತ್ತೆ ಹೇಳುವುದು ಯಾರಿಗೆ? ಗೋಡೆಗೆ ಹೇಳಿದ ಹಾಗೆ. ಇದು ನ್ಯಾಯವಾದ ಪರೀಕ್ಷೆ ಎಂದು ಅವನಿಗೆ ಅನಿಸಿತು. ಅನಿಸಿದ ಮರುಗಳಿಗೆಯೇ, ಅರ್ಧ ಸತ್ತ ಮನುಷ್ಯನಿಗೆ ಪರೀಕ್ಷೆ ಇಡುತ್ತಿರುವ ತನ್ನ ಬಗ್ಗೆ ಹೇಸಿಗೆಯೂ ಆಯಿತು. ಹೇಸಿಗೆಯಾದರೂ ಕೈ ಪೆನ್ಸಿಲನ್ನು ಬೇರಿನ ತುದಿಗೇ ಒಯ್ದು ಗೆರೆ ಎಳೆಯಿತು. ಉಳಿ ಹಿಡಿದು ಕೊಡತಿಯಿಂದ ಹೊಡೆಯತೊಡಗಿದ. ಅವತ್ತು ಗೊತ್ತಿಲ್ಲದೆ ಮಾಡಿದ್ದನ್ನು ಇವತ್ತು ಗೊತ್ತಿದ್ದೇ ಮಾಡಿದ.

ಮೂರು ಗಂಟೆಯ ಹೊತ್ತಿಗೆ ಟೇಬಲ್ ನಿಂತಿತು. ಮೇಲೆ ಮೂರು ಪಟ್ಟಿ, ಮಳೆನೀರು ನಿಲ್ಲದಿರಲೆಂದು ನಡುನಡುವೆ ಬೆರಳು ಸಂದಿ. ಕಾಲುಗಳನ್ನು ಸುತ್ತಿ ಹಿಡಿಯುವ ನಾಲ್ಕು ಅಡ್ಡಪಟ್ಟಿ. ಮೊಳೆ ಇಲ್ಲ, ಬರೀ ಕೂಡಿಕೆ ಮತ್ತು ಬಿದಿರಿನ ಬೆಣೆ. ಅಗಸೆ ಎಣ್ಣೆ ಎರಡು ಕೈ ಹಚ್ಚಿದಾಗ ಸಾಗವಾನಿ ಜೇನಿನ ಬಣ್ಣಕ್ಕೆ ತಿರುಗಿತು. ಕಲ್ಲಿನ ಮೇಲೆ ಇಟ್ಟು ಅಲ್ಲಾಡಿಸಿದರೆ ಅಲ್ಲಾಡಲಿಲ್ಲ. ಚೆಂದವಾಗಿತ್ತು. ಪ್ಲೈವುಡ್ಡಿನಲ್ಲಿ ಹದಿನೈದು ವರ್ಷ ತಿಣುಕಿದರೂ ಇಂಥದ್ದೊಂದು ಅವನ ಕೈಯಿಂದ ಬಂದಿರಲಿಲ್ಲ, ಆ ಖುಷಿಗೂ ಅವನಿಗೆ ಅವಕಾಶವಿರಲಿಲ್ಲ. ಸುಕನ್ಯಾ ಹಿಗ್ಗಿ ಬಂದು ಎಣ್ಣೆ ಒರೆಸಿ, ಟೇಬಲ್ಲನ್ನು ಎತ್ತಿ ತಂದೆಯ ಎಡಕ್ಕೆ ಇಟ್ಟು, ನೀರಿನ ಲೋಟ ಮೇಲಿಟ್ಟಳು. ಹಂಪಯ್ಯ ಹಿಂಗೈಯಿಂದ ಲೋಟ ದೂಡಿದ. "ಯಾಕಪ್ಪ, ನೀರು ಬ್ಯಾಡೇನು?" ಎಂದು ಅವಳು ಲೋಟ ತೆಗೆದುಕೊಂಡಳು. ಹಂಪಯ್ಯ ಪೂರ್ತಿ ಎಡಕ್ಕೆ ಬಾಗಿದ. ಬೀಳುತ್ತಾನೆಂದು ಅವಳು ಭುಜ ಹಿಡಿದುಕೊಂಡಳು. ಎಡಗೈ ಮೊದಲನೇ ಕಾಲಿನ ಬುಡಕ್ಕೆ ಇಳಿದು, ಅಲ್ಲಿಂದ ನಿಧಾನವಾಗಿ ಮೇಲಕ್ಕೆ ಬಂತು, ಮತ್ತೆ ಕೆಳಕ್ಕೆ ಹೋಯಿತು. ಎರಡನೇ ಕಾಲು. ಆಮೇಲೆ ಬೆರಳಿನಿಂದ ಗಾಳಿಯಲ್ಲಿ ಸುತ್ತು ಹಾಕಿ ತೋರಿಸಿದ. ಸುಕನ್ಯಾ ಟೇಬಲ್ ತಿರುಗಿಸಿದಳು. ಮೂರನೇ ಕಾಲು. ಮೌನೇಶ ಮಾವನಿಗೆ ತಿಳಿಯಲಿ ಎಂದು ಬೇಡಿಕೊಂಡ, ತಿಳಿಯದಿರಲಿ ಎಂದು ಬೇಡಿಕೊಂಡ, ಎರಡನ್ನೂ ಒಂದೇ ಉಸಿರಿನಲ್ಲಿ. ಕೈ ನಾಲ್ಕನೇ ಕಾಲಿನ ಬುಡಕ್ಕೆ ಇಳಿಯಿತು. ಮೇಲೆ ಬಂತು. ನಡುವಿನ ಗಂಟಿನ ಹತ್ತಿರ ನಿಂತಿತು. ಕೆಳಗೆ ಹೋಯಿತು, ಮೇಲೆ ಬಂತು, ಮತ್ತೆ ಹೋಯಿತು. ಸುಕನ್ಯಾ, "ಮಸ್ತ್ ಆಗೈತಿಲ್ಲಪ್ಪ?" ಎಂದಳು. ಹಂಪಯ್ಯ ಕೈ ತೆಗೆದ. ಕುರ್ಚಿಗೆ ಒರಗಿ, ಲೋಟ ಇಡು ಎಂಬಂತೆ ಟೇಬಲ್ಲನ್ನು ತಟ್ಟಿದ. ಅವಳು ಇಟ್ಟಳು. ಅವನು ಚಾಚಿ ತೆಗೆದುಕೊಂಡು, ಅರ್ಧ ಕುಡಿದು, ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡು, ವಾಪಸ್ ಇಟ್ಟ. ಅಳಿಯನ ಕಡೆ ನೋಡಲಿಲ್ಲ.

ನಾನು ಬದುಕಿದೆ ಎಂದುಕೊಂಡ ಮೌನೇಶ. ತಿಳಿಯಲಿಲ್ಲ. ಒಳಗೆ ಯಾರೂ ಇಲ್ಲ. ಹೊಟ್ಟು ಗುಡಿಸಿ, ಉಳಿಗಳನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿದ. ಇಪ್ಪತ್ತೊಂದು ವರ್ಷದ ಭಾರ ಇಳಿದರೆ ಮೈ ಹಗುರಾಗಬೇಕಿತ್ತು, ಆಗಲಿಲ್ಲ. ಯಾರೋ ತೀರಿಕೊಂಡ ಸುದ್ದಿ ಬಂದ ಹಾಗಿತ್ತು, ಅತ್ತು ಹೇಳಿಕೊಳ್ಳುವಂತೆಯೂ ಇರಲಿಲ್ಲ. ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬರುವಷ್ಟರಲ್ಲಿ ಅಂಗಳದಲ್ಲಿ ಜೋರು ದನಿ ಕೇಳಿಸಿತು.

"ಏನಲೇ ಮೌನೇಶ, ಪ್ಲೈವುಡ್ ಡಾಕ್ಟ್ರು ಇವತ್ತು ಸಾಗವಾನಿ ಆಪರೇಷನ್ ಮಾಡ್ಯಾನಂತ!" ಎದುರು ಮನೆಯ ಕೊಟ್ರಯ್ಯ. ಮೂವತ್ತು ವರ್ಷ ಕಟ್ಟಿಗೆ ಅಡ್ಡೆ ನಡೆಸಿದವನು, ಹಂಪಯ್ಯನ ಓರಗೆಯವನು. ದಿನಾ ಸಂಜೆ ಬಂದು ಮಾತಿಲ್ಲದ ಗೆಳೆಯನಿಗೂ ಸೇರಿಸಿ ಇಬ್ಬರ ಪಾಲಿನ ಮಾತನ್ನೂ ತಾನೇ ಆಡಿ ಹೋಗುತ್ತಿದ್ದ. ಲೋಟವನ್ನು ನೆಲಕ್ಕಿಟ್ಟು ಟೇಬಲ್ಲನ್ನು ಎತ್ತಿ ಬಿಸಿಲಿಗೆ ಹಿಡಿದ. "ಕಟ್ಟಿಗಿ ನಂದ ಅಡ್ಡೆದ್ದು ನೋಡು ಇದು. ಕೂಡಿಕಿ ಗಟ್ಟಿ ಮಾಡೀದಿ, ಮಾವನ ಮರ್ಯಾದಿ ಉಳಿಸಿದಿ" ಎಂದು ತಿರುಗಿಸುತ್ತ ಹೋದವನ ಕೈ ನಿಂತಿತು. ಹೆಬ್ಬೆರಳಿನಿಂದ ನಾಲ್ಕನೇ ಕಾಲಿನ ಗಂಟನ್ನು ಒರೆಸಿದ, ಕಣ್ಣಿನ ಹತ್ತಿರ ಹಿಡಿದು ನೋಡಿದ. "ಇದೇನಿದು? ಗಂಟಿನ ಬಾಲ ಮ್ಯಾಲೈತಲ್ಲೋ. ಇದೊಂದು ಕಾಲು ತೆಲಿಕೆಳಗ ಐತಿ. ಯಾರಲೇ ಇದನ್ನ ಮಾಡಿದ್ದು?"

ಚಹಾದ ತಟ್ಟೆ ಹಿಡಿದು ಬಂದ ಸುಕನ್ಯಾ ಗಂಡನ ಕಡೆ ನೋಡಿದಳು. ನೋಡಿಕೊಂಡಿಲ್ಲ ಕಾಕಾ, ಅಭ್ಯಾಸ ತಪ್ಪಿದೆ ಎಂಬ ಮಾತು ಮೌನೇಶನ ನಾಲಿಗೆಯ ಮೇಲೆ ಬಂದು ಕೂತಿತ್ತು. ಅಷ್ಟರಲ್ಲಿ ಕುರ್ಚಿಯಿಂದ ಗಂಟಲು ಕೆರೆದ ಸದ್ದು ಬಂತು. ಹಂಪಯ್ಯ ಎಡಗೈ ಎತ್ತಿದ್ದ. ಕೊಟ್ರಯ್ಯನನ್ನೇ ನೆಟ್ಟಗೆ ನೋಡುತ್ತ ಅದನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡ.

ಕೊಟ್ರಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ನೀ ಮಾಡೀದ್ಯಾ? ಆರು ತಿಂಗಳಿಂದ ಆ ಕೈಲೆ ತುತ್ತು ಎತ್ತಿಲ್ಲ, ಕಾಲು ಕೊಯ್ದ್ಯಾ? ಬಿಡಪ್ಪ, ನಿಂದು ಹುಟ್ಟುಗುಣ." ನಗು ನಿಲ್ಲಿಸಿ ಸುಕನ್ಯಾಳ ಕಡೆ ತಿರುಗಿದ. "ಎಮ್ಮಿಗನೂರಾಗೂ ಹಿಂಗ ಮಾಡಿದ ನಿಮ್ಮಪ್ಪ. ನಾನು ಪಕ್ಕದಾಗ ನಿಂತಿದ್ನೆವ್ವ. ಮೈಲಾರಲಿಂಗಪ್ಪ ಮಂದಿ ಕೂಡ್ಸಿ, ಯಾರು ಕೊಯ್ದಿದ್ದು ಈ ಕಂಬಾನ ಅಂತ ಕೇಳಿದ. ಅವತ್ತು ಮಾತು ಇತ್ತಲ್ಲ, ಮಾತಾಡ್ಲಿಲ್ಲ ಇಂವ. ಇದ ಕೈ, ಹಿಂಗ, ಎದಿ ಮ್ಯಾಲ. ನಿನ್ನ ಕೂಡ ಇದ್ದ ಹುಡುಗ ಕೈ ಹಚ್ಚಿದ್ನೇನು ಅಂತ ಮತ್ತ ಕೇಳಿದ್ರು. ಇಲ್ಲ ಅಂತ ತೆಲಿ ಆಡಿಸಿದ."

ಮೌನೇಶನಿಗೆ ಬೆಳಿಗ್ಗೆ ಉರುಳಿದ ಲೋಟ ನೆನಪಾಯಿತು. ಸ್ಟೂಲನ್ನು ತಾನು ಕಾಲಿನಿಂದ ಸರಿಸಿದ್ದನ್ನು ಆ ಎಡಗಣ್ಣು ನೋಡುತ್ತಲೇ ಇತ್ತು. ಎಲ್ಲವನ್ನೂ ನೋಡಿದ ಕಣ್ಣು ಅದು. ಕಂಬ ನೋಡಿದೆ, ಬಂಡ್ರಿಗೆ ಓಡಿದ್ದನ್ನು ನೋಡಿದೆ, ನೋಡಿಯೂ ಮಗಳನ್ನು ಕೊಟ್ಟಿದೆ, ಇವತ್ತು ಪರೀಕ್ಷೆಯನ್ನೂ ನೋಡಿದೆ. ಒಳಗೆ ಯಾರೂ ಇಲ್ಲವೆಂದು ತಾನು ಖುಷಿಪಟ್ಟದ್ದನ್ನೂ ನೋಡಿರಬೇಕು.

"ಕಾಕಾ, ಆ ಕಾಲು ನಾನ ಮಾಡಿದ್ದು" ಎಂದ. "ಗೊತ್ತಿದ್ದ ಮಾಡೀನಿ."

"ಹೋಗ್ಲಿ ಬಿಡಲೇ, ಬೆಣಿ ತೆಗೆದು ಹೊಳ್ಳಿಸಿದ್ರಾತು."

"ಎಮ್ಮಿಗನೂರಿಂದೂ ನಾನ." ದನಿ ಒಡೆಯಿತು. "ಮುಹೂರ್ತಕ್ಕಿಂತ ಮೊದ್ಲ ಗೊತ್ತಾಗಿತ್ತು ನನಗ. ಬೇರಿನ ತುಂಡು ಒಲ್ಯಾಗ ಕಂಡಿತ್ತು. ಕಾಲಿಲೆ ಒಳಗ ದೂಡಿದೆ."

ಕೊಟ್ರಯ್ಯ ಟೇಬಲ್ಲನ್ನು ಮೆಲ್ಲಗೆ ಕೆಳಗಿಟ್ಟ. ಸುಕನ್ಯಾ ಗಂಡನ ಕಡೆ ನೋಡಲಿಲ್ಲ. "ನಾನು ಸಾಲಿ ಬಿಟ್ಟಿದ್ದು ಅದ ವರ್ಷ" ಎಂದಳು, ತನಗೆ ತಾನೇ ಲೆಕ್ಕ ಒಪ್ಪಿಸುವವಳಂತೆ. ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು.

ಮೌನೇಶ ಮಾವನ ಮುಂದೆ ಮಂಡಿಯೂರಿದ. "ಮಾವ, ಕೈ ಇಳಸು" ಎಂದ. "ಎಲ್ಲಾ ಹೇಳೀನಿ. ಇನ್ನ ಸಾಕು, ಇಳಸು." ಹಂಪಯ್ಯನ ಎಡಗಣ್ಣು ತುಂಬಿ ಬಂದಿತ್ತು, ಜೋತುಬಿದ್ದ ಬಲಗಣ್ಣು ಯಾವಾಗಲೂ ಒದ್ದೆಯೇ. ಕೈ ಎದೆಯ ಮೇಲೆಯೇ ಇತ್ತು. ಮೌನೇಶ ಅದರ ಮಣಿಕಟ್ಟು ಹಿಡಿದು ಕೆಳಗೆ ಎಳೆಯಲು ನೋಡಿದ, ಮೊದಲು ಮೆಲ್ಲಗೆ, ಆಮೇಲೆ ಎರಡೂ ಕೈ ಹಾಕಿ, ಅಳುತ್ತ, ಜೋರಾಗಿ. ಎರಡು ಕೈಯ ಕಸುವೂ ಒಂದರಲ್ಲೇ ಸೇರಿಕೊಂಡಿದ್ದ ಆ ಎಡಗೈ ಕದಲಲಿಲ್ಲ.